ಶರ್ಲಿ ಕಸಿದುಕೊಂಡ ಭಾನುವಾರಗಳು

2020ರ ಸೆಪ್ಟೆಂಬರ್ ಅಂದರೆ ನನಗೆ ಮೊದಲು ನೆನಪಾಗುವುದು ಕೊರೋನಾ ಅಲ್ಲ, ಒಂದು ಸದ್ದು. ಬೆಳಗಿನ ಕಾಫಿ ಹೊತ್ತಿಗೆ ಸರಿಯಾಗಿ ನಮ್ಮ ರಾಕ್‌ವಿಲ್ ಮನೆಯ ಹಿಂದಿನಿಂದ ಕೇಳಿಬರುತ್ತಿತ್ತು. ಶಂಖದ ಹಾಗೆ, ಆದರೆ ಶಂಖವಲ್ಲ. ಶಂಖಕ್ಕೆ ಒಂದು ತುಂಬು ದನಿ ಇರುತ್ತದೆ. ಇದು ಗಂಟಲು ಕಟ್ಟಿದವರು ದೂರದಲ್ಲಿರುವ ಯಾರನ್ನೋ ಕೂಗಿದ ಹಾಗೆ ಒಡೆದು ಬರುತ್ತಿತ್ತು. ಮೊದಲು ಒಂದು ಉದ್ದನೆಯ ಕೂಗು, ಆಮೇಲೆ ಬಿಕ್ಕಿದ ಹಾಗೆ, ಕೊನೆಗೆ ಚೂರುಚೂರು. ಮೊದಲ ದಿನ ಯಾರದೋ ಹಸು ಕೂಗಿತೇನೋ ಅಂದುಕೊಂಡು, ರಾಕ್‌ವಿಲ್‌ಗೆ ಹಸು ಎಲ್ಲಿಂದ ಬರಬೇಕು ಎಂದು ನಾನೇ ನಕ್ಕೆ.

ಮೊಮ್ಮಗಳು ಇಳಾ ಪಕ್ಕದಲ್ಲೇ ಸೀರಿಯಲ್ ಬಟ್ಟಲು ಹಿಡಿದು ಕೂತಿದ್ದಳು. ಆಗ ಅವಳಿಗೆ ಹದಿನಾಲ್ಕು ವರ್ಷ.

“ಅಜ್ಜಿ, ಅದು ಶೋಫಾರ್. ಕುರಿದು ಹಾರ್ನ್. ನನ್ನ ಫ್ರೆಂಡ್ ತಾಲ್ಯಾ ಇದಾಳಲ್ಲ, ಅವಳ ಅಜ್ಜಿ ಊದ್ತಾರೆ.”

“ಹೆಂಗಸರು ಊದ್ತಾರಾ?”

“ವೈ ನಾಟ್?” ಎಂದಳು, ನಾನು ಯಾವುದೋ ಶತಮಾನದವಳು ಎನ್ನುವ ಹಾಗೆ ನೋಡಿ.

ನಮ್ಮ ಹಿತ್ತಿಲು ಮುಗಿಯುವಲ್ಲಿ ಒಂದು ಸಣ್ಣ ಹಳ್ಳ ಹರಿಯುತ್ತದೆ. ಇಲ್ಲಿಯವರು ಕ್ರೀಕ್ ಎನ್ನುತ್ತಾರೆ. ಅದರ ಆಚೆ ದಡದಲ್ಲಿ ಒಂದಿಷ್ಟು ಮರಗಳು, ಮರಗಳ ಆಚೆ ಯಹೂದಿಗಳ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ. ಅವರ ಹೊಸ ವರ್ಷಕ್ಕೆ ಮುಂಚಿನ ತಿಂಗಳು, ಶನಿವಾರ ಒಂದು ಬಿಟ್ಟು, ದಿನಾ ಬೆಳಿಗ್ಗೆ ಆ ಕೊಂಬು ಊದಬೇಕಂತೆ. ಕೊರೋನಾ ಕಾರಣ ಒಳಗೆ ಸೇರುವ ಹಾಗಿರಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ದೂರ ದೂರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕೊಂಬಿನ ಬಾಯಿಗೂ ಒಂದು ನೀಲಿ ಮಾಸ್ಕ್ ಕಟ್ಟಿದ್ದರು ಎಂದು ಇಳಾ ಹೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಬರೆಯಲು ಸಂಕೋಚವಾಗುತ್ತದೆ, ಆದರೂ ಟು ಬಿ ಫ್ರಾಂಕ್, ಲೋಕಕ್ಕೆಲ್ಲ ಅಷ್ಟು ಕೆಟ್ಟ ಕಾಲವಾಗಿದ್ದ ಆ ವರ್ಷ ನನಗೆ ಒಳ್ಳೆಯ ಕಾಲವಾಗಿತ್ತು. ನಮ್ಮವರು ತೀರಿಕೊಂಡ ಮೇಲೆ ಮೈಸೂರಿನಿಂದ ಮಗಳು ಸುಮಾಳ ಮನೆಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ಬಂದ ಹೊಸದರಲ್ಲಿ ಇಳಾ ನನಗೆ “ಹಾಯ್ ಅಜ್ಜಿ, ಬೈ ಅಜ್ಜಿ” ಎರಡೇ ಮಾತು ಆಡುತ್ತಿದ್ದಳು. ಸ್ಕೂಲು, ಈಜು, ವಯಲಿನ್, ಫ್ರೆಂಡ್ಸು. ಲಾಕ್‌ಡೌನ್ ಬಂದು ಎಲ್ಲ ನಿಂತುಹೋಯಿತು. ಹುಡುಗಿ ಮನೆಯಲ್ಲೇ ಸಿಕ್ಕಿದಳು. ನನ್ನ ಕಾನ್ವೆಂಟಿನ ಸಿಸ್ಟರ್‌ಗಳ ಕಥೆ, ತಲೆಯ ಮೇಲೆ ಡಿಕ್ಷನರಿ ಇಟ್ಟು ನಡೆಸುತ್ತಿದ್ದದ್ದು, ಕನ್ನಡ ಮಾತಾಡಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದದ್ದು, ಎಲ್ಲವನ್ನೂ ಕಣ್ಣರಳಿಸಿ ಕೇಳುತ್ತಿದ್ದಳು. ಭಾನುವಾರ ಬೆಳಿಗ್ಗೆ ಅಡುಗೆಮನೆ ನಮ್ಮಿಬ್ಬರದೇ. ಸುಮಾ ಮತ್ತು ಅಳಿಯ ಮಲಗಿ ಏಳುವ ಹೊತ್ತಿಗೆ ಇಳಾ ಕಾವಲಿ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದಳು, ನಾನು ಸ್ಟೂಲಿನ ಮೇಲೆ ಕೂತು ಹೇಳಿಕೊಡುತ್ತಿದ್ದೆ. ದೋಸೆ ಹರಿದರೆ ನಾನು ತಿನ್ನುತ್ತಿದ್ದೆ, ಚೆನ್ನಾಗಿ ಬಂದರೆ ಅವಳು. ಎಪ್ಪತ್ತು ದಾಟಿದ ಮೇಲೆ ಒಬ್ಬರಿಗೆ ನಾವು ಬೇಕಾಗಿದ್ದೇವೆ ಅನಿಸುವುದು ಎಷ್ಟು ದೊಡ್ಡದು ಎಂದು ಆ ವಯಸ್ಸಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮರುವರ್ಷ ವಸಂತದಲ್ಲಿ ಎಲ್ಲರಿಗೂ ವ್ಯಾಕ್ಸಿನ್ ಆಯಿತು, ಬಾಗಿಲುಗಳು ತೆರೆದವು. ಇಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಮಕ್ಕಳು ಇಂತಿಷ್ಟು ಗಂಟೆ ಸಮಾಜಸೇವೆ ಮಾಡಿರಬೇಕು. ಸರ್ವಿಸ್ ಅವರ್ಸ್ ಎನ್ನುತ್ತಾರೆ. ತಾಲ್ಯಾ ತಮ್ಮ ಸಿನಗಾಗಿನವರು ಪ್ರತಿ ಭಾನುವಾರ ಬೆಳಿಗ್ಗೆ ಕ್ರೀಕ್ ಕ್ಲೀನ್ ಮಾಡುತ್ತಾರೆ, ಬಾ ಎಂದು ಕರೆದಳಂತೆ. ಅದರ ಮುಂದಾಳು ಅವಳ ಅಜ್ಜಿ, ಅದೇ ಕೊಂಬು ಊದುವ ಶರ್ಲಿ.

“ಭಾನುವಾರಾನೇ ಯಾಕೆ? ಶನಿವಾರ ಮಾಡಬಾರದಾ?” ಎಂದೆ.

“ಶನಿವಾರ ಅವರು ಕೆಲಸ ಮಾಡಲ್ಲ ಅಜ್ಜಿ. ಇಟ್ಸ್ ಶಬ್ಬಾತ್.”

ನಮ್ಮ ದೋಸೆಯ ದಿನಕ್ಕೇ ಬಂದು ಬೀಳಬೇಕಾಗಿತ್ತೇ ಇದು? ಸರಿ, ಹುಡುಗಿಯ ಸ್ಕೂಲಿನ ವಿಷಯ, ಅವರ್ಸ್ ಮುಗಿಯಲಿ, ವಾಪಸ್ ಬರುತ್ತಾಳೆ ಎಂದು ಸುಮ್ಮನಾದೆ.

ಮೊದಲ ಭಾನುವಾರ ಮೊಣಕಾಲವರೆಗೂ ಕೆಸರು ಮಾಡಿಕೊಂಡು ಬಂದಳು. ಮುಖ ಮಾತ್ರ ದೀಪದ ಹಾಗೆ ಇತ್ತು. ಐವಿ ಎನ್ನುವ ಬಳ್ಳಿ ಮರಗಳಿಗೆ ಸುತ್ತಿಕೊಂಡು ಉಸಿರು ಕಟ್ಟಿಸುತ್ತದೆ, ಅದನ್ನು ಬುಡದ ಹತ್ತಿರ ಸುತ್ತಲೂ ಕತ್ತರಿಸಬೇಕು, ಮೇಲಿನದನ್ನು ಎಳೆಯಬಾರದು, ಅಲ್ಲೇ ಒಣಗಲು ಬಿಡಬೇಕು ಎಂದು ಒಂದೇ ಉಸಿರಿಗೆ ಹೇಳಿದಳು. “ಅದು ಇಲ್ಲಿದು ಅಲ್ಲ ಅಜ್ಜಿ. ಬೇರೆ ಕಡೆಯಿಂದ ಬಂದಿದ್ದು. ಇನ್ವೇಸಿವ್.”

“ನಾನೂ ಇಲ್ಲಿಯವಳಲ್ಲ ಕಣೆ.”

“ಬಟ್ ಯು ಡೋಂಟ್ ಚೋಕ್ ಎನಿಬಡಿ!”

ಒಳಗಿನಿಂದ ಸುಮಾ, “ಅದು ನನ್ನನ್ನ ಕೇಳು” ಎಂದಳು.

ಅಂದಿನಿಂದ ಮನೆಯಲ್ಲಿ ಒಂದೇ ಜಪ. ಶರ್ಲಿ ಸೇಸ್, ಶರ್ಲಿ ಥಿಂಕ್ಸ್. ಶರ್ಲಿ ಸರ್ಕಾರದ ಲ್ಯಾಬಿನಲ್ಲಿ ನೀರಿನ ಪರೀಕ್ಷೆ ಮಾಡುತ್ತಿದ್ದವಳಂತೆ. ಶರ್ಲಿ ಈಗಲೂ ತಾನೇ ಕಾರು ಓಡಿಸುತ್ತಾಳಂತೆ. ಶರ್ಲಿಯ ಗುಂಪು ಬೆಳಿಗ್ಗೆ ಮರ ನೆಟ್ಟು, ಮಧ್ಯಾಹ್ನ ಮನೆಯಿಲ್ಲದವರ ಶೆಲ್ಟರಿಗೆ ಸ್ಯಾಂಡ್‌ವಿಚ್ ಕಟ್ಟಿ, ತಮ್ಮ ತೋಟದ ಟೊಮೆಟೊಗಳನ್ನೆಲ್ಲ ಬಡವರಿಗೆ ದಿನಸಿ ಹಂಚುವ ಫುಡ್ ಪ್ಯಾಂಟ್ರಿಗೆ ಕೊಟ್ಟು ಬರುತ್ತದಂತೆ. ಕೊರೋನಾ ಸಮಯದಲ್ಲಿ ಈ ಬೀದಿಯ ವಯಸ್ಸಾದವರ ಮನೆಗಳಿಗೆಲ್ಲ ಸಾಮಾನು ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದದ್ದೂ ಇವರೇ. ನಮ್ಮ ಬಾಗಿಲಿಗೂ ಒಮ್ಮೆ ಬಟ್ಟೆಯ ಮಾಸ್ಕ್‌ಗಳು ಬಂದಿದ್ದವು. ಯಾರು ಇಟ್ಟದ್ದೆಂದು ತಿಳಿಯದೆ ಹೂವಿನ ಚಿತ್ರವಿದ್ದ ಆ ಮಾಸ್ಕನ್ನು ನಾನೇ ಅಷ್ಟು ದಿನ ಹಾಕಿಕೊಂಡು ಓಡಾಡಿದ್ದೆ. ಈಗ ತಿಳಿದ ಮೇಲೆ ಡ್ರಾಯರಿನ ಒಳಕ್ಕೆ ತಳ್ಳಿದೆ.

ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ. ನನಗೆ ಆ ಹೆಂಗಸಿನ ಮೇಲೆ ಮಾತ್ರವಲ್ಲ, ಅವರ ಇಡೀ ಗುಂಪಿನ ಮೇಲೇ ಹೊಟ್ಟೆಕಿಚ್ಚು. ನಮ್ಮ ಕನ್ನಡದವರು ಸೇರುವಾಗ ಜನ ಬರುವುದು ಊಟದ ಹೊತ್ತಿಗೆ, ಎರಡನೆಯ ಸಲ ಪಾಯಸ ಬಡಿಸಿದ ಮೇಲೆ ಕಾರಿನ ಕೀಲಿ ಹುಡುಕುತ್ತಾರೆ. ಇವರಲ್ಲಿ ಎಂಬತ್ತರ ಮುದುಕರೂ ಗ್ಲೌಸ್ ಹಾಕಿಕೊಂಡು ಕೆಸರಿಗೆ ಇಳಿಯುತ್ತಿದ್ದರು. ನಾನು ಹಿತ್ತಿಲಿಗೆ ಮುಖಮಾಡಿದ ನಮ್ಮ ಮರದ ಡೆಕ್ ಮೇಲೆ, ನಮ್ಮವರು ಹಕ್ಕಿ ನೋಡಲು ಇಟ್ಟುಕೊಂಡಿದ್ದ ಬೈನಾಕ್ಯುಲರ್ಸ್ ಹಿಡಿದು ಆಚೆ ದಡವನ್ನು ನೋಡುತ್ತಿದ್ದೆ. ಶರ್ಲಿಯ ಬಿಳಿ ಕ್ರಾಪು, ಹಸಿರು ಗಂಬೂಟು, ಗಂಡಸಿನ ಹಾಗೆ ಸೊಂಟಕ್ಕೆ ಕೈ. ಒಂದು ದಿನ ಅವಳೂ ಇಳಾಳೂ ಬಿದ್ದ ಮರದ ಮೇಲೆ ಪಕ್ಕಪಕ್ಕ ಕೂತು ಒಂದೇ ಫ್ಲಾಸ್ಕಿನಿಂದ ಏನೋ ಕುಡಿಯುತ್ತಿದ್ದರು. ಇಳಾ ಕೈ ಬೀಸಿ ಬೀಸಿ ಮಾತಾಡುತ್ತಿದ್ದಳು. ಶರ್ಲಿ ಕತ್ತು ವಾಲಿಸಿ ಕೇಳುತ್ತಿದ್ದಳು. ಹಾಗೆ ಕೇಳುವುದು ನನ್ನ ಕೆಲಸವಾಗಿತ್ತು.

“ಅಮ್ಮಾ, ಯಾವ ಹಕ್ಕಿ?” ಹಿಂದಿನಿಂದ ಸುಮಾಳ ದನಿ.

“ಮರಕುಟಿಗ” ಎಂದೆ.

“ಬಿಳಿ ಕೂದಲಿನ ಮರಕುಟಿಗ ತಾನೆ? ನಿಂಗೆ ಹೊಟ್ಟೆಕಿಚ್ಚು ಕಣಮ್ಮ.”

“ನನಗ್ಯಾಕೆ? ಅವಳಿಗಿಂತ ನನ್ನ ಗ್ರಾಮರ್ರೇ ಚೆನ್ನಾಗಿದೆ” ಎಂದೆ. ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ನನಗೇ ಗೊತ್ತಿರಲಿಲ್ಲ.

ಬೇಸಿಗೆ ಮುಗಿಯುವುದರೊಳಗೆ ಅವಳ ಅವರ್ಸ್ ಮುಗಿದವು. “ಇನ್ನು ಈ ಭಾನುವಾರದಿಂದ ದೋಸೆ?” ಎಂದೆ. “ಓ ಅಜ್ಜಿ, ಅವರ್ಸ್‌ಗೆ ಅಲ್ಲ ನಾನು ಹೋಗೋದು. ಬಬ್ಬಿಗೆ ಪ್ರಾಮಿಸ್ ಮಾಡಿದೀನಿ” ಎಂದಳು. ಬಬ್ಬಿ ಯಾರು ಎಂದು ಕೇಳಿದೆ. ಅವರಲ್ಲಿ ಅಜ್ಜಿಗೆ ಹಾಗೆನ್ನುತ್ತಾರಂತೆ. ತಾಲ್ಯಾ ಕರೆಯುವ ಹಾಗೆ ಇವಳೂ ಕರೆಯತೊಡಗಿದ್ದಳು.

ಆ ದಿನ ನಾನು ಊಟ ಮಾಡಲಿಲ್ಲ. ತಲೆನೋವು ಎಂದೆ. ಸುಮಾ ನಂಬಲಿಲ್ಲ, ಆದರೆ ತಮಾಷೆಯನ್ನೂ ಮಾಡಲಿಲ್ಲ.

ನವೆಂಬರಿನಲ್ಲಿ ಕ್ರೀಕಿನ ದಡದಲ್ಲಿ ದೊಡ್ಡದಾಗಿ ಗಿಡ ನೆಡುವ ಕಾರ್ಯಕ್ರಮ ಇಟ್ಟುಕೊಂಡರು. ಅಕ್ಕಪಕ್ಕದವರನ್ನೆಲ್ಲ ಕರೆದಿದ್ದರು. ಕೆಲಸ ಮುಗಿದ ಮೇಲೆ ಸಿನಗಾಗಿನ ಹಾಲ್‌ನಲ್ಲಿ ಊಟ, ಪಾಟ್‌ಲಕ್, ಅಂದರೆ ಒಬ್ಬೊಬ್ಬರು ಒಂದೊಂದು ಅಡುಗೆ ಮಾಡಿ ತರುವುದು, ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ನನ್ನ ತಲೆಯಲ್ಲಿ ದೀಪ ಹತ್ತಿತು. ಕೆಸರಿನಲ್ಲಿ ನಾನು ಅವಳಿಗೆ ಸಮವಲ್ಲ, ಒಪ್ಪುತ್ತೇನೆ. ಅಡುಗೆಯಲ್ಲಿ ಬರಲಿ ನೋಡೋಣ!

ಇಳಾಗೆ ಹೇಳಲಿಲ್ಲ, ಸರ್‌ಪ್ರೈಸ್ ಆಗಿರಲಿ ಎಂದು. ಅವಳು ಬೆಳಿಗ್ಗೆ ಹೊರಟ ಮೇಲೆ ಶುರು ಮಾಡಿದೆ. ಗಣೇಶನ ಹಬ್ಬಕ್ಕೆಂದು ಸುಮಾ ತಂದಿಟ್ಟಿದ್ದ ಎರಡು ಕಿವಿಯ ದೊಡ್ಡ ಸ್ಟೀಲ್ ಪಾತ್ರೆ ಇಳಿಸಿದೆ. ಬಿಸಿಬೇಳೆಬಾತ್. ಪುಡಿ ಮೈಸೂರಿನಿಂದ ಬಂದದ್ದು, ನನ್ನ ನಾದಿನಿಯ ಕೈಯದು. ಈರುಳ್ಳಿ ಕೂಡ ಹಾಕಲಿಲ್ಲ. ಯಹೂದಿಗಳು ಹಂದಿ ತಿನ್ನುವುದಿಲ್ಲ, ಮಾಂಸವನ್ನೂ ಹಾಲನ್ನೂ ಸೇರಿಸುವುದಿಲ್ಲ ಎಂದು ಎಲ್ಲೋ ಓದಿದ್ದೆ. ಮಾಂಸವನ್ನೇ ಕಾಣದ ಅಡುಗೆಮನೆ ನಮ್ಮದು. ನಮಗಿಂತ ಶುದ್ಧ ಯಾರು? ಮೇಲೆ ತುಪ್ಪದಲ್ಲಿ ಗೋಡಂಬಿ ಹುರಿದು ಸುರಿದೆ. ಘಮಘಮ ಎನ್ನುತ್ತಿತ್ತು. ರೇಷ್ಮೆ ಅಂಚಿನ ಹತ್ತಿ ಸೀರೆ ಉಟ್ಟು, ಮೇಲೆ ಕೋಟು ಹಾಕಿಕೊಂಡೆ.

ಸುಮಾ ಕಾರಿನಲ್ಲಿ ಕರೆದುಕೊಂಡು ಹೋಗಿ ಸಿನಗಾಗಿನ ಬಾಗಿಲಲ್ಲಿ ನನ್ನನ್ನೂ ಪಾತ್ರೆಯನ್ನೂ ಇಳಿಸಿ, ಪಾರ್ಕ್ ಮಾಡಲು ಹೋದಳು. ಬಾಗಿಲಲ್ಲಿದ್ದ ಸೆಕ್ಯುರಿಟಿಯವನು ನನ್ನನ್ನೂ ಆವಿಯಾಡುವ ಪಾತ್ರೆಯನ್ನೂ ಒಮ್ಮೆ ನೋಡಿ, ಒಳಗೆ ಹೋಗಿ ಯಾರನ್ನೋ ಕರೆದ. ಬಂದವಳು ಅವಳೇ. ಹಿಂದೆಯೇ ಇಳಾ, ಮೂಗಿನ ಮೇಲೆಲ್ಲ ಮಣ್ಣು.

“ಓ ಮೈ! ಯೂ ಮಸ್ಟ್ ಬಿ ಅಜ್ಜಿ!” ಎಂದಳು ಶರ್ಲಿ. ಅವಳು ಮುಂದೆ ಆಡಿದ್ದೆಲ್ಲ ಇಂಗ್ಲಿಷೇ. ನನಗೆ ನೆನಪಿರುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ. ಪಾತ್ರೆ ನೋಡಿದ ತಕ್ಷಣ ಅವಳ ಮುಖ ಒಂದಿಷ್ಟು ಬದಲಾಯಿತು. “ಎಷ್ಟು ಚೆನ್ನಾಗಿ ಪರಿಮಳ ಬರ್ತಿದೆ. ಆದರೆ ತುಂಬಾ ಸಾರಿ, ಇದನ್ನ ಒಳಗೆ ತರೋ ಹಾಗಿಲ್ಲ.”

ಅವಳಿಗೆ ತಿಳಿದಿಲ್ಲ ಎಂದುಕೊಂಡು ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ವಿವರಿಸಿದೆ. “ಇದು ಪ್ಯೂರ್ ವೆಜಿಟೇರಿಯನ್. ಮೊಟ್ಟೆ ಸಹ ಇಲ್ಲ. ಈರುಳ್ಳಿ ಸಹ ಇಲ್ಲ.”

“ನನಗೆ ಗೊತ್ತು ಹನಿ. ಒಳಗೆ ಏನಿದೆ ಅನ್ನೋದಲ್ಲ. ಯಾವ ಪಾತ್ರೇಲಿ, ಯಾವ ಅಡುಗೆಮನೇಲಿ ಬೇಯಿಸಿದ್ದು ಅನ್ನೋದು. ಮನೆಗಳಲ್ಲಿ ಮಾಡಿದ್ದು ಯಾವುದೂ ಇಲ್ಲಿಗೆ ಬರೋ ಹಾಗಿಲ್ಲ. ನನ್ನ ಸ್ವಂತ ಮಗನ ಮನೆಯದ್ದೂ.”

ಪಾಟ್‌ಲಕ್ ಅಂದದ್ದು ಬೇರೆ ಯಾವುದೋ ದಿನದ, ಬೇರೆ ಯಾರದೋ ಮನೆಯ ಮಾತಂತೆ.

ಹೊಸ್ತಿಲಿನ ಒಳಗೆ ಅವರಿಬ್ಬರು ನಿಂತಿದ್ದರು. ಹೊರಗೆ ನಾನು, ನನ್ನ ಪಾತ್ರೆ. ಆವಿ ನನ್ನ ಕನ್ನಡಕಕ್ಕೆ ಕಟ್ಟಿ ಮುಂದಿನದು ಮಂಜು ಮಂಜಾಯಿತು. ಇಳಾ ತಗ್ಗಿದ ದನಿಯಲ್ಲಿ, “ಅಜ್ಜಿ, ನನ್ನ ಫಸ್ಟ್ ಕೇಳಬೇಕಿತ್ತು...” ಎಂದಳು. ಶರ್ಲಿ ಅಂದದ್ದಕ್ಕಿಂತ ನನಗೆ ಚುಚ್ಚಿದ್ದು ಅದು. ಹುಡುಗಿಗೆ ನನ್ನ ಬಗ್ಗೆ ನಾಚಿಕೆಯಾಗುತ್ತಿತ್ತು. ಅವಳು ಆಚೆ ಕಡೆಯವಳಾಗಿಬಿಟ್ಟಿದ್ದಳು.

ವಿಚಿತ್ರವೆಂದರೆ ಶರ್ಲಿ ಹೇಳಿದ ಮಾತು ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅಲ್ಲಿ ಸೇರಿದ್ದವರಲ್ಲಿ ಯಾರಿಗಾದರೂ ಅದು ಒಂದೇ ಮಾತಿಗೆ ಅರ್ಥವಾಗುವಂತಿದ್ದರೆ ಅದು ನನಗೇ. ನಮ್ಮಜ್ಜಿಯ ಮಡಿ ಕಂಡು ಬೆಳೆದವಳು ನಾನು. ಯಾರು ತೋಟದ ಬಾಳೆಹಣ್ಣು ತಂದುಕೊಟ್ಟರೂ ತೆಗೆದುಕೊಳ್ಳುತ್ತಿದ್ದರು, ಬೇಯಿಸಿದ ಅನ್ನ ಮಾತ್ರ ಹತ್ತಿರದ ನಂಟರ ಮನೆಯದಾದರೂ ಮುಟ್ಟುತ್ತಿರಲಿಲ್ಲ. ಅದು ಮುಸುರೆ. ಅನ್ನ ಬಡಿಸಿದ ಕೈ ಮೊಸರಿನ ಪಾತ್ರೆಗೆ ತಗಲಿದರೆ ದೊಡ್ಡ ರಂಪ. ಅದರಲ್ಲಿ ಯಾರಿಗೂ ಅವಮಾನ ಮಾಡುವ ಉದ್ದೇಶ ಇರಲಿಲ್ಲ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಬಾಗಿಲ ಹೊರಗೆ ನಿಂತವರಿಗೆ ಹೇಗಿರುತ್ತದೆ ಎಂದು ನನಗೆ ಆ ದಿನದವರೆಗೆ ಗೊತ್ತಿರಲಿಲ್ಲ, ಅಷ್ಟೆ. ಅರ್ಥವಾಯಿತು, ಆದರೂ ಉರಿಯಿತು.

“ಇಟ್ಸ್ ಆಲ್ ರೈಟ್. ಐ ಶಲ್ ಟೇಕ್ ಇಟ್ ಬ್ಯಾಕ್” ಎಂದು ಸಿಸ್ಟರ್‌ಗಳು ಕಲಿಸಿದ ನಗೆ ನಕ್ಕು, ಬಗ್ಗಿ ಪಾತ್ರೆಯ ಕಿವಿಗೆ ಕೈ ಹಾಕಿದೆ. ಒಬ್ಬಳೇ ಎತ್ತಲಾಗಲಿಲ್ಲ. ಸುಮಾ ಇನ್ನೂ ಬಂದಿರಲಿಲ್ಲ.

ಶರ್ಲಿ ಹೊಸ್ತಿಲು ದಾಟಿ ಹೊರಗೆ ಬಂದಳು. ತನ್ನ ಕುತ್ತಿಗೆಯ ಟವೆಲ್ ತೆಗೆದು ಇನ್ನೊಂದು ಕಿವಿಗೆ ಸುತ್ತಿ ಹಿಡಿದಳು.

“ವಾಪಸ್ ಯಾಕೆ? ಈ ಕಟ್ಟಡ ನಮ್ಮದು, ಇಲ್ಲಿ ನಮ್ಮ ರೂಲ್ಸು. ಕ್ರೀಕಿನ ದಡ ಕೌಂಟಿ ಸರ್ಕಾರದ್ದು. ಅಲ್ಲಿ ಯಾರು ಏನು ಬೇಕಾದ್ರೂ ತಿನ್ನಬಹುದು. ಎತ್ತಿ.”

ಇಳಾ ಮುಂದೆ ಬಂದು, “ಬಬ್ಬಿ, ಐ ವಿಲ್ ಟೇಕ್ ಇಟ್” ಎಂದಳು.

“ನೀನು ಹೋಗಿ ಪೇಪರ್ ಪ್ಲೇಟು ತಗೊಂಡು ಬಾ. ಹಸಿದವರಿಗೆಲ್ಲ ಹೇಳು, ಅಜ್ಜಿ ಅಡುಗೆ ತಂದಿದಾರೆ ಅಂತ.”

ಇಬ್ಬರು ಮುದುಕಿಯರು ಆ ಬಿಸಿ ಪಾತ್ರೆಯನ್ನು ನಡುವೆ ತೂಗಾಡಿಸಿಕೊಂಡು ಇಳಿಜಾರಿನಲ್ಲಿ ಇಳಿದೆವು. ನನ್ನ ಸೀರೆ ಹುಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಅವಳು “ಹುಷಾರು, ಎಡಗಡೆ ಗುಂಡಿ ಇದೆ” ಎನ್ನುತ್ತಿದ್ದಳು. ನಾನು “ನಿಧಾನ, ನಿಧಾನ, ತುಪ್ಪ ಚೆಲ್ಲತ್ತೆ” ಎನ್ನುತ್ತಿದ್ದೆ. ಅವಳಿಗೆ ಕನ್ನಡ ಬರುವುದಿಲ್ಲ ಎನ್ನುವುದೇ ಮರೆತುಹೋಗಿತ್ತು.

ಅಕ್ಕಪಕ್ಕದ ಮನೆಯವರು ಬಂದರು. ಸಿನಗಾಗಿನವರಲ್ಲೂ ಸುಮಾರು ಜನ ಬಂದು ತಿಂದರು. ಅವರಲ್ಲೂ ಒಬ್ಬೊಬ್ಬರದು ಒಂದೊಂದು ಪದ್ಧತಿ ಎಂದು ಆಗ ತಿಳಿಯಿತು. ಚಳಿಯಲ್ಲಿ ಬಿಸಿಬೇಳೆಬಾತಿಗೆ ಮೂಗು ಸುರಿಸುತ್ತ, “ವಾವ್, ಸ್ಪೈಸಿ” ಎನ್ನುತ್ತ ಮತ್ತೆ ಪ್ಲೇಟು ಒಡ್ಡಿದರು. ಪಾತ್ರೆ ಖಾಲಿಯಾಗುತ್ತ ಬಂತು. ಶರ್ಲಿ ಮಾತ್ರ ಬಿದ್ದ ಮರದ ಮೇಲೆ ಕೂತು ಜೇಬಿನಿಂದ ಒಂದು ಕಿತ್ತಳೆ ತೆಗೆದು ಸುಲಿಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

“ನೀವು ತಿನ್ನಲ್ವಾ?”

“ಇಲ್ಲ. ತಿಂದ ಹಾಗೆ ನಟನೆ ಮಾಡೋದಕ್ಕೂ ನನಗೆ ಬರಲ್ಲ. ನಮ್ಮ ಮನೇಲಿ ಕಷ್ಟದ ಹೆಂಗಸು ಅಂದ್ರೆ ನಾನೇ. ಮಗ, ಸೊಸೆ, ಮೊಮ್ಮಗಳು ಎಲ್ಲಿ ಬೇಕಾದ್ರೂ ತಿಂತಾರೆ.”

“ನಮ್ಮ ಮನೇಲಿ ನಮ್ಮಜ್ಜಿ ಹಾಗಿದ್ರು” ಎಂದೆ. ಅವಳು ಅರ್ಧ ಕಿತ್ತಳೆ ನನ್ನ ಕೈಗಿಟ್ಟಳು. ಬೇಡ ಎನ್ನಬೇಕೆಂದಿದ್ದೆ. ತೆಗೆದುಕೊಂಡೆ.

“ತಾಲ್ಯಾ ಎಲ್ಲಿ? ನೋಡಲೇ ಇಲ್ಲ” ಎಂದೆ, ಏನಾದರೂ ಕೇಳಬೇಕಲ್ಲ ಎಂದು.

“ತಾಲ್ಯಾ ಬರೋದು ನಿಲ್ಲಿಸಿ ಎಷ್ಟೋ ತಿಂಗಳಾಯ್ತು. ಅವಳಿಗೆ ಸಾಕರ್. ಬರ್ತಿರೋದು ನಿಮ್ಮವಳು ಒಬ್ಬಳೇ.” ಅವಳು ಸಿಪ್ಪೆಯನ್ನು ಚೂರು ಮಾಡಿ ಮತ್ತೆ ಜೇಬಿಗೆ ಹಾಕಿಕೊಂಡಳು, ಕಾಂಪೋಸ್ಟಿಗೆ. “ಇಳಾ ನನಗೆ ಎಲ್ಲ ಹೇಳಿದಾಳೆ. ಭಾನುವಾರ ಬೆಳಿಗ್ಗೆ ನಿಮ್ಮದು ಅಂತಾನೂ ಹೇಳಿದಾಳೆ. ದೋಸಾ, ಹೌದಲ್ವಾ? ಅವರ್ಸ್ ಮುಗಿದ ದಿನವೇ ನಾನು ಅವಳನ್ನ ಮನೆಗೆ ಹೋಗು ಅನ್ನಬೇಕಾಗಿತ್ತು. ಅನ್ನಲಿಲ್ಲ. ನನ್ನ ಮೊಮ್ಮಗಳು ಕೂತುಕೊಳ್ಳದ ಜಾಗದಲ್ಲಿ ಇವಳು ಬಂದು ಕೂತುಕೊಂಡಳು. ಏಳು ಅನ್ನೋಕೆ ಮನಸ್ಸು ಬರಲಿಲ್ಲ.”

ಸಾರಿ ಎನ್ನುತ್ತಾಳೆ ಎಂದು ಕಾದೆ. ಎನ್ನಲಿಲ್ಲ. ನನ್ನ ಅನ್ನ ತಿನ್ನದ ಹಾಗೆಯೇ ಇದನ್ನೂ ನಟನೆ ಮಾಡದೆ ಹೇಳಿದ್ದಳು. ನಾನಾಗಿದ್ದರೆ ಎಷ್ಟು ನಯವಾದ ಮಾತು ಜೋಡಿಸುತ್ತಿದ್ದೆನೋ. ಕಾನ್ವೆಂಟಿನಲ್ಲಿ ನಮಗೆ ಅದನ್ನೇ ತಾನೆ ಕಲಿಸಿದ್ದು?

“ಅರ್ಧ ಕಿತ್ತಳೆ ಕೊಟ್ಟ ಹಾಗೆ ಅರ್ಧ ಭಾನುವಾರ ಕೊಡ್ತೀರಾ?” ಎಂದೆ.

“ಬೆಳಿಗ್ಗೆ ದೋಸಾ, ಆಮೇಲೆ ಐವಿ? ಹತ್ತೂವರೆಗೆ ಕಳಿಸ್ತೀರಾ?”

“ಹನ್ನೊಂದು.”

“ಬಿಸಿಲು ಬಂದುಬಿಡತ್ತೆ.”

“ಹಲೋ!” ಹಿಂದಿನಿಂದ ಇಳಾ. ಒಂದು ಕೈಯಲ್ಲಿ ಪ್ಲೇಟು, ಇನ್ನೊಂದರಲ್ಲಿ ಗುದ್ದಲಿ. “ನಾನು ಇಲ್ಲೇ ಇದೀನಿ! ನನ್ನನ್ನ ಯಾರೂ ಕೇಳಲ್ವಾ? ಆಮ್ ಐ ಅ ಪಾರ್ಕಿಂಗ್ ಸ್ಪಾಟ್?” ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, ಶರ್ಲಿಗೆ ತಿಳಿಯದ ಹಾಗೆ, “ಅಜ್ಜಿ, ನೀನೂ ಬಾ. ಸಂಡೇ ಇಲ್ಲಿಗೇ ಬಾ” ಎಂದಳು.

ಅಷ್ಟು ತಿಂಗಳು ಡೆಕ್ ಮೇಲೆ ನಿಂತು ಉರಿದವಳಿಗೆ, ಇಳಿದು ಆಚೆ ದಡಕ್ಕೆ ಹೋಗಬಹುದು ಎನ್ನುವುದು ಹೊಳೆದೇ ಇರಲಿಲ್ಲ.

ಅಂದಿನಿಂದ ಹೋದೆ. ಸುಮಾ ನನಗೊಂದು ಪ್ಯಾಂಟು, ಗಂಬೂಟು ಕೊಡಿಸಿದಳು. ಮಡಚುವ ಕುರ್ಚಿಯಲ್ಲಿ ಕೂತು ಮರದ ಬುಡದ ಐವಿ ಕತ್ತರಿಸುವುದು ನನ್ನ ಪಾಲಿನ ಕೆಲಸ. ಶೆಲ್ಟರಿನ ಸ್ಯಾಂಡ್‌ವಿಚ್ ಕಟ್ಟುವಾಗ ಅವರ ಅಡುಗೆಮನೆಯಲ್ಲಿ ಅವರ ಚಾಕು, ಅವರ ಬ್ರೆಡ್ಡು ಹಿಡಿದು ನಿಂತೆ. ಮಾಂಸಕ್ಕೊಂದು, ಹಾಲಿಗೊಂದು ಎಂದು ಅವರು ಬೇರೆ ಬೇರೆ ಇಟ್ಟಿದ್ದ ಪಾತ್ರೆಗಳ ಬೀರುಗಳನ್ನು ನಾನು ಎಂದೂ ಅದಲುಬದಲು ಮಾಡಲಿಲ್ಲ. “ಈ ಗುಂಪಿನಲ್ಲಿ ಹೇಳಿಕೊಡದೆ ಕಲಿತವಳು ಪದ್ಮಾ ಒಬ್ಬಳೇ” ಎಂದು ಶರ್ಲಿ ಎಲ್ಲರ ಮುಂದೆ ನನ್ನ ಹೆಸರು ಹಿಡಿದು ಹೇಳಿದಾಗ ಒಳಗೊಳಗೇ ಹಿಗ್ಗಿದೆ.

ಹಾಗೆಂದು ನಾವು ಪ್ರಾಣ ಸ್ನೇಹಿತೆಯರಾದೆವು ಎಂದು ಯಾರೂ ತಿಳಿಯಬೇಡಿ. ಅವಳು ನೆಲಕ್ಕೆ ಬಗ್ಗಿ ಸಲೀಸಾಗಿ ಏಳುತ್ತಿದ್ದಳು, ನನ್ನ ಮಂಡಿಗಳು ಅದನ್ನು ನೋಡಿಯೇ ನೋಯುತ್ತಿದ್ದವು. ಇಳಾ ಮೊದಲ ಬಾರಿ ಕಾರು ಓಡಿಸಲು ಕಲಿತದ್ದು ಅವಳ ಕಾರಿನಲ್ಲಿ, ಅದೇ ಪಾರ್ಕಿಂಗ್ ಲಾಟಿನಲ್ಲಿ. ಕಾಲೇಜಿನಲ್ಲಿ ಏನು ಓದಲಿ ಎಂದು ಇಳಾ ಯೋಚಿಸುವಾಗ ನಾನು ಇಂಗ್ಲಿಷ್ ಲಿಟರೇಚರ್ ಎಂದೆ, ಸುಮಾ ಕಂಪ್ಯೂಟರ್ ಎಂದಳು. ಶರ್ಲಿ ಏನೂ ಹೇಳಲಿಲ್ಲವಂತೆ. ಹುಡುಗಿ ಎನ್ವಿರಾನ್‌ಮೆಂಟಲ್ ಸೈನ್ಸ್ ಆರಿಸಿಕೊಂಡು ಡರ್ಹಮ್‌ನ ಕಾಲೇಜಿಗೆ ಹೋದಳು. ಏನೂ ಹೇಳದೆ ಗೆಲ್ಲುವವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ಇಳಾ ಹೋದ ಮೇಲೆ ಭಾನುವಾರ ನಾವಿಬ್ಬರೇ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆವು. ಶರ್ಲಿಗೂ ಬಗ್ಗುವುದು ಕಷ್ಟವಾಗತೊಡಗಿತ್ತು. “ನಿನಗೆ ಫೋನ್ ಬಂತಾ?” ಎಂದು ಅವಳು ಕೇಳುವಳು. “ನಿನ್ನೆ ಬಂತು. ನಿನಗೆ?” ಎಂದು ನಾನು. “ಬುಧವಾರ” ಎಂದರೆ ನನಗೆ ಒಳಗೆ ಸಮಾಧಾನ. “ಇವತ್ತು ಬೆಳಿಗ್ಗೆ” ಎಂದರೆ ಐವಿಗೆ ಕತ್ತರಿ ಜೋರಾಗಿ ಬೀಳುತ್ತಿತ್ತು.

ಚಳಿಗಾಲ ಬರುವಷ್ಟರಲ್ಲಿ ಶರ್ಲಿಯ ಕಣ್ಣು ಮಂದವಾಯಿತು. ಕಾರಿನ ಕೀಲಿ ಮಗನಿಗೆ ಕೊಟ್ಟಳು. ಮಗನಿಗೆ ಅಟ್ಲಾಂಟಾಗೆ ಕೆಲಸ ಬದಲಾಗಿತ್ತು. ಅವಳೂ ಮನೆ ಖಾಲಿ ಮಾಡಿ ಅವರ ಜೊತೆ ಹೊರಟಳು. 2024ರ ಡಿಸೆಂಬರ್, ಇಳಾಗೆ ರಜೆ ಶುರುವಾಗಿತ್ತು. ಡರ್ಹಮ್‌ನಿಂದ ನಾಲ್ಕೈದು ಗಂಟೆ ತಾನೇ ಡ್ರೈವ್ ಮಾಡಿಕೊಂಡು ಬಂದಳು. ನಾನು ಕಿಟಕಿಯಲ್ಲಿ ಕಾದಿದ್ದೆ. ಕಾರು ನಮ್ಮ ಮನೆ ಮುಂದೆ ನಿಲ್ಲದೆ ನೇರ ಶರ್ಲಿಯ ಬೀದಿಗೆ ತಿರುಗಿತು. ಹೊಟ್ಟೆಯಲ್ಲಿ ಹಳೆಯ ಕಿಚ್ಚು ಮತ್ತೆ ಎದ್ದಿತು. ಕೋಟು ಹಾಕಿಕೊಂಡು ನಾನೂ ನಡೆದೇ ಹೋದೆ.

ಶರ್ಲಿ ಆಗಲೇ ಮಗನ ಕಾರಿನಲ್ಲಿ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಅವಳು ಅಷ್ಟು ಚಿಕ್ಕದಾಗಿ ಕಾಣುತ್ತಾಳೆಂದು ನಾನು ಎಣಿಸಿರಲಿಲ್ಲ. ನಾನು ಕಿಟಕಿಯೊಳಗೆ ಕೈ ಚಾಚಿದೆ. ಹಿಡಿದುಕೊಂಡು, “ನಿನಗೆ ಒಳ್ಳೇದಾಯ್ತು, ಇನ್ನು ಪೂರ್ತಿ ಭಾನುವಾರ ನಿಂದೇ” ಎಂದು ನಕ್ಕಳು. “ನೀನು ಬಿಟ್ಟುಕೊಟ್ಟಿದ್ದರೆ ಸರಿ. ಹುಡುಗಿಯ ಮನಸ್ಸನ್ನ ಜೊತೆಗೇ ಕರೆದುಕೊಂಡು ಹೋಗೋ ಹಾಗಿದೆಯಲ್ಲ” ಎಂದೆ. ಇಬ್ಬರೂ ನಕ್ಕೆವು. ನಾನು ಪೂರ್ತಿ ತಮಾಷೆಗೆ ಅಂದಿರಲಿಲ್ಲ. ಅವಳಿಗೆ ಅದು ಗೊತ್ತಿತ್ತು.

ಆಮೇಲೆ ಇಳಾ ಕಿಟಕಿಗೆ ಬಗ್ಗಿದಳು. ಇಬ್ಬರೂ ತುಂಬಾ ಹೊತ್ತು ಮಾತಾಡಿದರು. ನಾನು ಬೇಕೆಂದೇ ಪಕ್ಕಕ್ಕೆ ಸರಿದು ಮೇಪಲ್ ಮರ ನೋಡುತ್ತ ನಿಂತೆ. ಇಳಾ ಕಣ್ಣೊರೆಸಿಕೊಂಡು ನನ್ನ ಬಳಿ ಬಂದು ನಿಂತಾಗ, “ಏನಂದಳು?” ಎಂದು ಕೇಳಿದೆ.

“ಅದು ನಮ್ಮಿಬ್ಬರದು ಅಜ್ಜಿ.”

ಮತ್ತೆ ಕೇಳಲಿಲ್ಲ. ಇವತ್ತಿಗೂ ಕೇಳಿಲ್ಲ. ಏನಿರಬಹುದು ಎಂದು ಯೋಚಿಸದೆ ಒಂದು ಭಾನುವಾರವೂ ಕಳೆದಿಲ್ಲ. ಆ ದಿನದ ನಂತರ ಶರ್ಲಿಯನ್ನು ನಾನು ಮತ್ತೆ ನೋಡಲಿಲ್ಲ.

ಕಾರು ಹೊರಟಿತು. ಸ್ವಲ್ಪ ದೂರ ಹೋಗಿ ನಿಂತಿತು. ಕಿಟಕಿಯಿಂದ ಶರ್ಲಿಯ ತಲೆ ಹೊರಬಂತು. ಇಳಾ ಕೈ ಬೀಸಿದಳು. ಆದರೆ ಶರ್ಲಿ ನೋಡುತ್ತಿದ್ದದ್ದು ನನ್ನನ್ನು. ತನ್ನ ಕತ್ತಿನ ಹತ್ತಿರ ಬೆರಳಿಟ್ಟು ಮೇಲಕ್ಕೆ ಎಳೆದ ಹಾಗೆ ಮಾಡಿ, ಇಳಾಳ ಕಡೆ ತೋರಿಸಿದಳು. ತಿರುಗಿ ನೋಡಿದೆ. ಅಷ್ಟು ಗಾಳಿಯಲ್ಲಿ ಹುಡುಗಿಯ ಜಾಕೆಟ್ಟಿನ ಜಿಪ್ಪು ಬಿಚ್ಚಿಕೊಂಡೇ ಇತ್ತು. ಎರಡೂ ಕೈಯಲ್ಲಿ ಹಿಡಿದು ಗಲ್ಲದವರೆಗೆ ಎಳೆದು ಹಾಕಿದೆ. ತಲೆ ಎತ್ತುವಷ್ಟರಲ್ಲಿ ಕಾರು ತಿರುವಿನಲ್ಲಿ ಮರೆಯಾಗಿತ್ತು. ಕಣ್ಣು ಸರಿಯಾಗಿ ಕಾಣದವಳು, ಅಷ್ಟು ದೂರದಿಂದ, ಪಕ್ಕದಲ್ಲೇ ನಿಂತಿದ್ದ ನನಗಿಂತ ಮೊದಲು ಅದನ್ನು ನೋಡಿದ್ದಳು.